ಫಾಂಟ್ಸ್ ಫೋಲ್ಡರ್ ಖಾಲಿ ಮಾಡಿ ಅನ್ನೋ ಮೆಸೇಜ್ ಬಂದ್ರೆ ದಯವಿಟ್ಟು ಕೈ ಹಾಕಬೇಡಿ

ದಾವಣಗೆರೆ, ಹರಿಹರ, ಜಗಳೂರು ಕಡೆ ಡಿಟಿಪಿ ಅಂಗಡಿ ಇಟ್ಟವರು, ಆಫೀಸಿನಲ್ಲಿ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುವವರು ಎಲ್ಲರೂ ಒಂದ್ಸಲ ಓದಿ. ಕಳೆದ ಮದುವೆ ಸೀಸನ್ನಿನಲ್ಲಿ ನನಗಾದದ್ದು ನಿಮಗೆ ಆಗೋದು ಬೇಡ.

ನಮ್ಮ ಅಂಗಡಿ ಮಂಡಿಪೇಟೆ ಹತ್ತಿರ. ಲಗ್ನಪತ್ರಿಕೆಯೇ ಮುಖ್ಯ ಕೆಲಸ. ಒಂದು ದಿನ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತು. ಕಂಪ್ಯೂಟರ್ ಸ್ಲೋ ಆಗೋಕೆ ಫಾಂಟುಗಳಲ್ಲಿ (ಅಕ್ಷರಗಳಿಗೆ ರೂಪ ಕೊಡುವ ಫೈಲುಗಳಲ್ಲಿ) ಅಡಗಿರುವ ವೈರಸ್ಸೇ ಕಾರಣ, ಅದು ಆಂಟಿವೈರಸ್‌ಗೆ ಸಿಗಲ್ಲ, ಫಾಂಟ್ಸ್ ಫೋಲ್ಡರ್ ತೆರೆದು ಎಲ್ಲಾ ಅಳಿಸಿ, ನಿಮ್ಮವರಿಗೂ ಕಳಿಸಿ ಅಂತ ಇತ್ತು. ಕಳಿಸಿದವರು ನನಗೆ ಈ ಕೆಲಸ ಕಲಿಸಿದ ಅಣ್ಣ. ಬೇರೆ ಯಾರೋ ಕಳಿಸಿದ್ದರೆ ನಾನು ಓದುತ್ತಲೂ ಇರಲಿಲ್ಲ. ಪತ್ರಿಕೆ ಡಿಸೈನ್ ಮಾಡುವ ಕೋರೆಲ್ ಡ್ರಾ ಸಾಫ್ಟ್‌ವೇರ್ ತೆರೆಯೋಕೆ ನಮ್ಮ ಮಷೀನು ಆಗ ನಿಜಕ್ಕೂ ಒದ್ದಾಡುತ್ತಿತ್ತು. ಎಲ್ಲಾ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ.

ಆಮೇಲೆ ಆದದ್ದನ್ನು ಸರಿಯಾಗಿ ಗಮನಿಸಿ. ಏರಿಯಲ್‌ನಂಥ ತನ್ನ ಸ್ವಂತ ಫಾಂಟುಗಳನ್ನು ಅಳಿಸೋಕೆ ವಿಂಡೋಸ್ ಬಿಡೋದಿಲ್ಲ, ಅವಕ್ಕೆ ರಕ್ಷಣೆ ಇದೆ. ನಾವು ಹೊರಗಿನಿಂದ ಹಾಕಿಕೊಂಡದ್ದಕ್ಕೆ ಆ ರಕ್ಷಣೆ ಇಲ್ಲ. ಹಾಗಾಗಿ ಇಂಗ್ಲಿಷ್ ಉಳಿಯಿತು, ಹದಿನೈದು ವರ್ಷದಿಂದ ಒಂದೊಂದಾಗಿ ಕೂಡಿಸಿಟ್ಟ ಕನ್ನಡ ಫಾಂಟೆಲ್ಲ ಹೋಯಿತು. ರೀಸೈಕಲ್ ಬಿನ್ ನೋಡಿದೆ, ಅಲ್ಲೂ ಇರಲಿಲ್ಲ.

ಫಾಂಟ್ ಹೋದ್ರೆ ಅಕ್ಷರದ ಅಂದ ಹೋಗಬಹುದು, ಅಷ್ಟೇ ಅಲ್ವಾ ಅಂತ ಕೇಳಬಹುದು. ಯೂನಿಕೋಡ್‌ನಲ್ಲಿ, ಅಂದ್ರೆ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುವ ಪದ್ಧತಿಯಲ್ಲಿ, ಟೈಪ್ ಮಾಡಿದ್ದರೆ ಹಾಗೇ. ಒಂದು ಫಾಂಟ್ ಇಲ್ಲದಿದ್ದರೆ ಇನ್ನೊಂದರಲ್ಲಿ ಕನ್ನಡ ಕಾಣುತ್ತದೆ. ಹಳೆಯ ನುಡಿ ಫಾಂಟಿನ ಕಥೆ ಬೇರೆ. ಅದರಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಅವುಗಳನ್ನು ಕನ್ನಡದ ರೂಪದಲ್ಲಿ ತೋರಿಸೋದು ಫಾಂಟ್. 'ಕ' ಅಂದ್ರೆ ಒಳಗೆ ದೊಡ್ಡ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟಿರುವ ಎ. 'ಪ' ಇದ್ದಲ್ಲಿ ಜಪಾನಿನ ಯೆನ್ ಗುರುತು, 'ನ' ಇದ್ದಲ್ಲಿ ಪೌಂಡ್ ಗುರುತು. ಫಾಂಟ್ ತೆಗೆದರೆ ಇವೆಲ್ಲ ಹಾಗೇ ಹೊರಗೆ ಬರುತ್ತವೆ.

ಗಾಬರಿಯಾಗಿ ಹಳೇ ಪೆನ್‌ಡ್ರೈವ್ ಹುಡುಕಿ ನುಡಿ ಮತ್ತೆ ಹಾಕಿದೆ. ಪತ್ರಿಕೆಗಳೆಲ್ಲ ಕನ್ನಡಕ್ಕೆ ಬಂದವು. ಎಲ್ಲಾ ಸರಿಹೋಯ್ತು ಅಂದುಕೊಂಡೆ. ನಾನು ಮೋಸ ಹೋದದ್ದು ಇಲ್ಲೇ.

ಅವತ್ತು ಜಗಳೂರು ಕಡೆಯವರ ಒಂದು ಪತ್ರಿಕೆ ಇತ್ತು, 500 ಕಾರ್ಡು. ನಮ್ಮ ಹುಡುಗ ಹಳೇ ಪತ್ರಿಕೆಯ ಫೈಲ್ ತೆರೆದು ಹೆಸರು, ಮುಹೂರ್ತ, ಕಲ್ಯಾಣ ಮಂಟಪ ಬದಲಿಸಿದ. ಮೇಲೆ 'ಶ್ರೀ ಉಚ್ಚಂಗೆಮ್ಮ ದೇವಿ ಪ್ರಸನ್ನ' ಅನ್ನೋ ಸಾಲು ಮಾತ್ರ ಬೇರೆ ಅಲಂಕಾರದ ಫಾಂಟಿನಲ್ಲಿತ್ತು. ಅದು ನುಡಿ ಜೊತೆ ಬರುವಂಥದ್ದಲ್ಲ. ಫೈಲ್ ತೆರೆದಾಗ ಈ ಫಾಂಟ್ ಇಲ್ಲ, ಬೇರೆ ಹಾಕಲಾ ಅಂತ ಕೋರೆಲ್ ಕೇಳಿದೆ, ಅವನು ಓಕೆ ಒತ್ತಿದ್ದಾನೆ. ಅವನದೇನೂ ತಪ್ಪಿಲ್ಲ, ಫಾಂಟ್ ಅಳಿಸಿದವನು ನಾನು, ಅವನಿಗೆ ಹೇಳದೇ ಇದ್ದವನೂ ನಾನು. ಪ್ರೂಫ್ ನೋಡಿದವರು ಹುಡುಗನ ಕಡೆ, ಹುಡುಗಿ ಕಡೆ ಎಲ್ಲರ ಹೆಸರನ್ನೂ ಬೆರಳಿಟ್ಟು ಓದಿದರು, ತಾರೀಖು ಎರಡು ಸಲ ನೋಡಿದರು, ನಾನೂ ನೋಡಿದೆ. ದೇವರ ಸಾಲನ್ನು ಯಾರೂ ಓದಲಿಲ್ಲ. ಅದು ಯಾವಾಗಲೂ ಇರುತ್ತದಲ್ಲ, ಸುಮ್ನೆ ಕಣ್ಣು ಹಾಯಿಸಿ ಕೆಳಗೆ ಇಳಿಯುತ್ತೇವೆ.

ಮೊದಲ ಪತ್ರಿಕೆ ಮನೆದೇವರಿಗೆ ಇಡೋದು ಪದ್ಧತಿ. ಆ ಮನೆಯ ಹಿರಿಯರು ಉಚ್ಚಂಗಿದುರ್ಗಕ್ಕೆ ಹೋಗಿ ದೇವಿ ಮುಂದೆ ಕಾರ್ಡು ಇಟ್ಟಿದ್ದಾರೆ. ಕೈಗೆತ್ತಿಕೊಂಡು ನೋಡಿದ ಪೂಜಾರರು, "ಇದರಾಗೆ ಅಮ್ಮನ ಹೆಸ್ರೇ ಇಲ್ಲಲ್ರೀ, ಎಂಥದೋ ರೊಕ್ಕದ ಗುರುತು ಹಾಕ್ಸೀರಿ" ಅಂದಿದ್ದಾರೆ.

ಆ ಅಜ್ಜ ನನ್ನ ಮೇಲೆ ಕೂಗಾಡಲಿಲ್ಲ. ಅಂಗಡಿಗೆ ಬಂದು ಕಾರ್ಡು ಟೇಬಲ್ ಮೇಲಿಟ್ಟು, "ತಮ್ಮಾ, ಅರವತ್ತು ಮನಿಗೆ ಕೊಟ್ ಬಂದೀವಿ. ಈಗ ಏನ್ ಮಾಡಣ?" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. 500 ಕಾರ್ಡೂ ನನ್ನ ಖರ್ಚಿನಲ್ಲಿ ಮತ್ತೆ ಮಾಡಿಕೊಟ್ಟೆ, ಕಾರ್ಡು, ಪ್ರಿಂಟು, ಕೂಲಿ ಸೇರಿ 9,000 ದಾಟಿತು. ಆ ಅರವತ್ತು ಮನೆಗೆ ಅವರು ಮತ್ತೆ ಓಡಾಡಿದ್ದಕ್ಕೆ ಎಷ್ಟು ಕೊಟ್ಟರೂ ಸಾಲದು.

ಇಂಥ ಮೆಸೇಜ್ ಹೊಸದೇನಲ್ಲ. 2002ರಲ್ಲಿ ಜಗತ್ತಿನ ಎಷ್ಟೋ ಕಡೆ ಒಂದು ಇಮೇಲ್ ಓಡಾಡಿತು. ನಿಮ್ಮ ಕಂಪ್ಯೂಟರಿನಲ್ಲಿ ಕರಡಿ ಮರಿಯ ಚಿತ್ರ ಇರುವ ಒಂದು ಫೈಲ್ ಇದ್ದರೆ ಅದು 14 ದಿನ ಮಲಗಿದ್ದು ಏಳುವ ವೈರಸ್, ಕೂಡಲೇ ಅಳಿಸಿ, ಎಲ್ಲರಿಗೂ ತಿಳಿಸಿ ಅಂತ. ಹುಡುಕಿದರೆ ಕರಡಿ ಸಿಕ್ಕೇ ಸಿಗುತ್ತಿತ್ತು, ಯಾಕೆಂದರೆ ಅದು ವಿಂಡೋಸ್ ಜೊತೆಗೇ ಬರುತ್ತಿದ್ದ ಜಾವಾ ಕೆಲಸದ ಫೈಲ್. ಕರಡಿ ಕಂಡದ್ದೇ ಸಾಕ್ಷಿ ಅಂದುಕೊಂಡು ಜನ ಅಳಿಸಿದರು. ಅದಕ್ಕೂ ಹಿಂದಿನ ವರ್ಷ, 2001ರಲ್ಲಿ, ಉದ್ದ ಹೆಸರಿನ ಫೈಲುಗಳಿಗೆ ಬೇಕಾದ ಇನ್ನೊಂದು ವಿಂಡೋಸ್ ಫೈಲಿಗೂ ಇದೇ ಗತಿಯಾಗಿತ್ತು. ಎರಡರಲ್ಲೂ ವೈರಸ್ ಇರಲಿಲ್ಲ. ಮೆಸೇಜ್ ನಂಬಿದವರು ತಾವೇ ಅಳಿಸಿಕೊಂಡರು, ನನ್ನ ಹಾಗೆ.

ಫಾಂಟಿನ ವಿಷಯದಲ್ಲಿ ಚೂರು ನಿಜವೂ ಇದೆ, ಅದಕ್ಕೇ ಜಾಸ್ತಿ ಅಪಾಯ. 2011ರಲ್ಲಿ ಸಿಕ್ಕ ಡುಕು ಎಂಬ ವೈರಸ್, ವಿಂಡೋಸ್ ಫಾಂಟ್ ಓದುವ ರೀತಿಯಲ್ಲಿದ್ದ ಒಂದು ದೋಷವನ್ನು ಬಳಸಿತ್ತು. ಅದಕ್ಕೆ ಮದ್ದಾಗಿ ಬಂದದ್ದು ವಿಂಡೋಸ್ ಅಪ್‌ಡೇಟ್. ಫಾಂಟ್ ಜಾಸ್ತಿ ಇದ್ದರೆ ಡಿಸೈನ್ ಸಾಫ್ಟ್‌ವೇರ್ ತಡವಾಗಿ ತೆರೆಯೋದೂ ನಿಜ. ಆಗ ಬೇಡದ ಫಾಂಟುಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಟ್ಟು, ಒಂದೊಂದೇ ನೋಡಿ ತೆಗೆಯಿರಿ.

ಇವತ್ತೇ ಪೂರ್ತಿ ಫಾಂಟ್ಸ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಪ್ರಿಂಟಿಗೆ ಕೊಡುವ ಫೈಲನ್ನು ಕರ್ವ್ಸ್ ಮಾಡಿ ಕೊಡಿ, ಆಗ ಅಕ್ಷರ ಚಿತ್ರವಾಗಿ ಕೂರುತ್ತದೆ, ಫಾಂಟಿನ ಹಂಗೇ ಇರೋದಿಲ್ಲ. ತಿದ್ದಲು ಬರುವ ಇನ್ನೊಂದು ಕಾಪಿ ಬೇರೆ ಇರಲಿ.

ನಾನು ಇದನ್ನು ನಮ್ಮವರಿಗೆ ತಿಳಿಸುವಷ್ಟರಲ್ಲಿ ಹೊನ್ನಾಳಿಯ ಒಬ್ಬರು ಅಳಿಸಿ ಮುಗಿಸಿದ್ದರು. ಆ ಅಲಂಕಾರದ ಫಾಂಟ್ ಕೊನೆಗೆ ಹರಿಹರದ ಒಬ್ಬರ ಹಳೇ ಕಂಪ್ಯೂಟರಿನಲ್ಲಿ ಸಿಕ್ಕಿತು, ಹೊನ್ನಾಳಿಯವರಿಗೂ ಕಳಿಸಿದ್ದೇನೆ. ನೀವೂ ಅಳಿಸಿದ್ದರೆ ಮೊದಲು ಕೆಲಸ ನಿಲ್ಲಿಸಿ. ಫಾಂಟ್ ಇಲ್ಲ ಅಂತ ಕೋರೆಲ್ ಕೇಳಿದಾಗ ಓಕೆ ಒತ್ತಬೇಡಿ, ಅದು ತೋರಿಸುವ ಫಾಂಟಿನ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಹೆಸರು ಹೇಳಿ, ನಮ್ಮಲ್ಲಿದ್ದರೆ ಕಳಿಸುತ್ತೇನೆ.