ಕೊಲ್ಹಾಪುರಿ ಅಂತ ಹೇಳಿ ಮಾರಿದ ಚಪ್ಪಲಿಯಿಂದ ನನ್ನ ಕಾಲು ಏನಾಯಿತು ನೋಡಿ

ಚಪ್ಪಲಿ ಅಂಗಡಿಯಲ್ಲಿ “ಇದರಲ್ಲಿ ಕೆಮಿಕಲ್ಲೇ ಇಲ್ಲ” ಅಂದರೆ ದಯವಿಟ್ಟು ನಂಬಬೇಡಿ. ನನ್ನ ಎರಡೂ ಪಾದಗಳ ಮೇಲೆ ಈಗಲೂ ಕಪ್ಪು ಕಲೆ ಇದೆ. ಪಟ್ಟಿ ಎಲ್ಲೆಲ್ಲಿ ತಾಗುತ್ತಿತ್ತೋ ಅಲ್ಲಲ್ಲೇ, ಅಚ್ಚೊತ್ತಿದ ಹಾಗೆ.

ಅಣ್ಣನ ಮಗಳ ಮದುವೆಗೆ ಅಂತ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡಿದ್ದು. 1,850 ರೂಪಾಯಿ. ಎಲ್ಲಿಯ ಮಾಲು, ಹೇಗೆ ಹದ ಮಾಡಿದ್ದು ಅಂತ ಬಾಯಿಬಿಟ್ಟು ಕೇಳಿದ್ದೆ. “ಅಥಣಿಯಿಂದ ಡೈರೆಕ್ಟ್ ಬರುತ್ತೆ ಮೇಡಂ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿರೋ ತೊಗಲು, ಮಕ್ಕಳೂ ಹಾಕ್ಕೋಬಹುದು” ಅಂದರು. ಇಷ್ಟು ಬಿಡಿಸಿ ಹೇಳಿದ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತೆ?

ಮೊದಲು ತುರಿಕೆ. ಆಮೇಲೆ ಸಣ್ಣ ಸಣ್ಣ ನೀರುಗುಳ್ಳೆ, ಒಡೆದು ಸೋರೋಕೆ ಶುರು. ಬೆರಳ ಸಂದಿಯಲ್ಲಿ ಏನೂ ಇಲ್ಲ. ಪಟ್ಟಿಯ ಕೆಳಗೆ, ಹೆಬ್ಬೆರಳು ತೂರಿಸುವ ಉಂಗುಟದ ಸುತ್ತ ಮಾತ್ರ. ಮಂಟಪದಲ್ಲಿ ಬರಿಗಾಲಲ್ಲಿ ನಿಂತಿದ್ದಾಗ ಬೀಗರ ಕಡೆಯವರೊಬ್ಬರು ಎಲ್ಲರೆದುರಿಗೇ “ಇಸುಬಾ? ಅಂಟುತ್ತಾ?” ಅಂತ ಕೇಳಿಬಿಟ್ಟರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಸೀರೆ ನೆರಿಗೆ ಎಳೆದು ಕಾಲು ಮುಚ್ಚಿಕೊಂಡು ನಿಂತೆ.

ಚರ್ಮದ ಡಾಕ್ಟರು ಗುಳ್ಳೆ ಎದ್ದಿರುವ ಆಕಾರ ನೋಡಿಯೇ ಚಪ್ಪಲಿ ತನ್ನಿ ಅಂದರು. ಪ್ಯಾಚ್ ಟೆಸ್ಟ್ ಆಯಿತು. ಬೆನ್ನ ಮೇಲೆ ಒಂದೊಂದು ಕೆಮಿಕಲ್ ಹಚ್ಚಿದ ಪಟ್ಟಿ ಅಂಟಿಸಿ 48 ಗಂಟೆ ಬಿಡುತ್ತಾರೆ, ನೀರು ತಾಗಿಸುವಂತಿಲ್ಲ. ನನಗೆ ಎರಡು ಕಡೆ ಕೆಂಪಗೆ ಊದಿಕೊಂಡಿತ್ತು. ಒಂದು ಪೊಟ್ಯಾಸಿಯಂ ಡೈಕ್ರೋಮೇಟ್, ಅಂದರೆ ಕ್ರೋಮಿಯಂ. ಇನ್ನೊಂದು ಚಪ್ಪಲಿ ಅಂಟಿಸುವ ಗೋಂದಿನಲ್ಲಿರುವ ಒಂದು ರಾಳ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ ತೊಗಲಿನಿಂದ ಅದು ಬೆವರಿನಲ್ಲಿ ಕರಗಿ ಚರ್ಮಕ್ಕೆ ಇಳಿಯುತ್ತಂತೆ. ಒಮ್ಮೆ ಈ ಅಲರ್ಜಿ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ. ಜೀವನಪೂರ್ತಿ!

ತೊಗಟೆಯಲ್ಲಿ ಹದ ಮಾಡಿದ ತೊಗಲಲ್ಲಿ ಕ್ರೋಮಿಯಂಗೇನು ಕೆಲಸ? ನಮ್ಮ ರಸ್ತೆ ಕೊನೆಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಒಯ್ದೆ. ಅವರು ಅಟ್ಟೆಯ ಅಂಚನ್ನು ಉಳಿಯಲ್ಲಿ ಸೀಳಿದರು. ಮೇಲೆ ಕಂದು ಬಣ್ಣ, ಒಳಗೆ ಬೂದು ನೀಲಿ. ಅದರ ಕೆಳಗೆ ರಬ್ಬರ್ ಶೀಟು. ಎರಡರ ನಡುವೆ ಅಂಟು ಎಳೆಎಳೆಯಾಗಿ ಬಂತು. “ಅಕ್ಕಾ, ಈ ಹೊಲಿಗೆ ಬರೀ ತೋರಿಕೆಗೆ. ಎಲ್ಲಾ ಸೊಲ್ಯೂಷನ್ ಮೇಲೇ ನಿಂತಿದೆ. ತೊಗಟೆ ಹದ ಆಗಿದ್ರೆ ಒಳಗೂ ಕಂದೇ ಇರ್ತಿತ್ತು” ಅಂದರು. ಆ ಬೂದು ನೀಲಿ ಗೆರೆ ನೋಡಿ ಹೊಟ್ಟೆ ಉರಿದುಹೋಯಿತು. ಜಾಲಿ ತೊಗಟೆಯಂತೆ, ಅಳಲೆಕಾಯಿಯಂತೆ!

ರಿಪೋರ್ಟು, ಬಿಲ್ಲು, ಸೀಳಿದ ಚಪ್ಪಲಿ ಹಿಡಿದು ಅಂಗಡಿಗೆ ಹೋದೆ. ಅವರ ಉತ್ತರ ಕೇಳಿ. “ನಿಮ್ಮದು ಹೀಟ್ ಬಾಡಿ ಇರಬೇಕು ಮೇಡಂ.” “ಕೊಬ್ಬರಿ ಎಣ್ಣೆ ಹಚ್ಚಿ ಹಾಕ್ಕೊಳ್ಳಿ, ಪಳಗುತ್ತೆ.” “ಬೇರೆ ಯಾರಿಗೂ ಆಗಿಲ್ಲ, ನಿಮಗೊಬ್ಬರಿಗೇ.” ಸೀಳಿದ ಅಂಚು ತೋರಿಸಿದಾಗ, “ಹೋಲ್‌ಸೇಲ್‌ನವರು ಕೊಟ್ಟಿದ್ದನ್ನ ಮಾರ್ತೀವಿ, ಒಳಗೇನಿದೆ ನಮಗೇನು ಗೊತ್ತು?” ಗೊತ್ತಿಲ್ಲದಿದ್ದರೆ ಅವತ್ತು ತೊಗಟೆಯ ಹೆಸರು ಹೇಗೆ ಬಾಯಿಗೆ ಬಂತು? ಇದಕ್ಕೆ ಮಾತ್ರ ಉತ್ತರ ಇಲ್ಲ. ಕೊನೆಗೆ “ಬಳಸಿದ ಮಾಲು ವಾಪಸ್ ಇಲ್ಲ” ಅಂತ ಬಿಲ್ಲಿನ ಹಿಂಬದಿ ತೋರಿಸಿದರು. ನಾನು ದುಡ್ಡು ವಾಪಸ್ ಕೇಳಿಯೇ ಇರಲಿಲ್ಲ. ಸುಳ್ಳು ಯಾಕೆ ಹೇಳಿದಿರಿ ಅಂತ ಕೇಳಿದ್ದೆ, ಅಷ್ಟೇ.

ಯುರೋಪಿನಲ್ಲಿ ಚರ್ಮಕ್ಕೆ ತಾಗುವ ತೊಗಲಿನ ವಸ್ತುಗಳಲ್ಲಿ ಈ ಅಪಾಯದ ಕ್ರೋಮಿಯಂ (ಕ್ರೋಮಿಯಂ-6 ಅನ್ನುವ ರೂಪ) ಕೆಜಿಗೆ 3 ಮಿಲಿಗ್ರಾಂ ಮುಟ್ಟಿದರೆ 2015ರಿಂದ ಮಾರುವಂತೆಯೇ ಇಲ್ಲ. ಇಲ್ಲಿ ನನಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಅಂತಾರೆ. ಇನ್ನೊಂದು ಸಂಕಟ: ಕೊಲ್ಹಾಪುರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಊರಿನದೇ ಮಾಲು ಅನ್ನುವ ಸರ್ಕಾರಿ ಗುರುತು, ಸಿಕ್ಕಿತಲ್ವಾ, ಅದರಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಕೈಯಲ್ಲಿ ಹದ ಮಾಡಿ, ಕೈಯಲ್ಲೇ ಹೊಲಿಯುವ ಆ ಜನರ ಹೆಸರಲ್ಲಿ ಇಂಥ ಅಂಟಿನ ಮಾಲು ಮಾರೋದು ಎಷ್ಟು ಸರಿ?

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ನೀವು ಕೊಳ್ಳುವಾಗ “ತೊಗಟೆ ಹದದ ತೊಗಲು” ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಪಟ್ಟಿಯ ಆಕಾರದಲ್ಲೇ ಗುಳ್ಳೆ ಎದ್ದರೆ ಸುಮ್ನೆ ಹುಳುಕಡ್ಡಿ ಮುಲಾಮು ಹಚ್ಚುತ್ತಾ ಕೂರಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ. ಆ ಚಪ್ಪಲಿಯನ್ನು ಮಾತ್ರ ಸಿಟ್ಟಿನಲ್ಲಿ ಎಸೆಯಬೇಡಿ. ಅದರ ಒಂದು ಚೂರನ್ನೇ ಬೆನ್ನಿಗೆ ಅಂಟಿಸಿಯೂ ಟೆಸ್ಟ್ ಮಾಡುತ್ತಾರೆ, ದೂರು ಕೊಡೋಕೂ ಅದೇ ಸಾಕ್ಷಿ.