ಲೈಬ್ರರಿಯ ನಕಲು ತಪಾಸಣೆ ಸೇವೆ: ಪರ್ಸೆಂಟೇಜ್ ಬಿಡಿ, ಬಣ್ಣ ಬಿದ್ದ ಪುಟ ನೋಡಿ

ಥೀಸಿಸ್ ಒಪ್ಪಿಸುವ ಮುನ್ನ ಪ್ರತಿಯೊಬ್ಬ ಸಂಶೋಧನಾ ವಿದ್ಯಾರ್ಥಿಯೂ ವಿಶ್ವವಿದ್ಯಾಲಯದ ಲೈಬ್ರರಿಗೆ ಫೈಲ್ ಕೊಡಬೇಕು. ಅವರು ಅದನ್ನು ತಂತ್ರಾಂಶಕ್ಕೆ ಹಾಕುತ್ತಾರೆ. ಎಷ್ಟು ಭಾಗ ಬೇರೆಯವರ ಬರಹಕ್ಕೆ ಹೊಂದುತ್ತದೆ ಎಂದು ವರದಿ ಬರುತ್ತದೆ. ನಾನು ಕನ್ನಡ ವಿಭಾಗದಲ್ಲಿ ಪಾಠ ಮಾಡುವವಳು, ಜಾನಪದದಲ್ಲಿ ಪಿಎಚ್.ಡಿ. ಮಾಡುವವರಿಗೆ ಗೈಡ್. ಈ ಸೇವೆಯ ಬಗ್ಗೆ ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ಸ್ಟಾರ್. ಸೇವೆ ಒಳ್ಳೆಯದೇ. ಅದನ್ನು ಬಳಸುತ್ತಿರುವ ರೀತಿಗೆ ಎರಡು ಸ್ಟಾರ್ ಕಳೆದಿದ್ದೇನೆ. ವಿಶ್ವವಿದ್ಯಾಲಯದ ಹೆಸರು ಬೇಡ. ಬೇರೆ ಕಡೆಯವರಿಗೂ ಇದರಲ್ಲಿ ತಮ್ಮದೇ ಕಥೆ ಕಾಣಬಹುದು.

ದುಡ್ಡಿನ ವಿಷಯ ಮೊದಲು. 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಶೋಧಶುದ್ಧಿ ಯೋಜನೆಯಡಿ, ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ದೇಶದ ವಿಶ್ವವಿದ್ಯಾಲಯಗಳಿಗೆ ಇಂಥ ತಂತ್ರಾಂಶವನ್ನು ಪುಕ್ಕಟೆಯಾಗಿ ಒದಗಿಸುತ್ತಿದೆ. ನಮ್ಮಲ್ಲಿ ವಿದ್ಯಾರ್ಥಿಯಿಂದ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ. ಫೆಲೋಶಿಪ್ ಬಾರದೆ ಬಸ್ ಪಾಸಿಗೂ ಲೆಕ್ಕ ಹಾಕುವ ಹುಡುಗ ಹುಡುಗಿಯರಿಗೆ ಇದು ಸಣ್ಣ ವಿಷಯ ಅಲ್ಲ. ಈಮೇಲ್‌ನಲ್ಲಿ ಫೈಲ್ ಕಳಿಸಿದರೆ ಸಾಕು, ವರದಿ ಬೇಗ ಬರುತ್ತದೆ. ಸಿಬ್ಬಂದಿ ಮರ್ಯಾದೆಯಿಂದ ಮಾತಾಡುತ್ತಾರೆ.

ಇನ್ನು ನಿಯಮ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ತಂದ ನಿಯಮದ ಪ್ರಕಾರ ಹೋಲಿಕೆ ಶೇ. 10ರ ಒಳಗಿದ್ದರೆ ದಂಡ ಇಲ್ಲ. 10ರಿಂದ 40ರವರೆಗೆ ಬಂದರೆ ತಿದ್ದಿ ಮತ್ತೆ ಕೊಡಬೇಕು, ಅದಕ್ಕೆ ಹೆಚ್ಚೆಂದರೆ 6 ತಿಂಗಳು. 40ರಿಂದ 60ರವರೆಗೆ ಬಂದರೆ ಒಂದು ವರ್ಷ ಮತ್ತೆ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ ಇವೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲರಿಗೂ ಗೊತ್ತಿರುವ ಮಾತು ಸಾಲಾಗಿ 14 ಪದಗಳವರೆಗೆ ಹೊಂದಿದರೂ ಬಿಡುತ್ತಾರೆ. ಈ 14 ಇಂಗ್ಲಿಷಿಗೆ ಸರಿ ಇರಬಹುದು. ಕನ್ನಡದಲ್ಲಿ ‘ಆಚರಿಸಿಕೊಂಡುಬಂದಿರುವುದರಿಂದ’ ಕೂಡ ಒಂದೇ ಪದ. 14 ಪದಗಳಲ್ಲಿ ಎರಡು ಮೂರು ಪೂರ್ತಿ ವಾಕ್ಯ ಮುಗಿದುಹೋಗುತ್ತವೆ.

ತೊಂದರೆ ಶುರುವಾಗುವುದು ಆ 10ರಿಂದಲೇ. ಕಾರಿಡಾರಿನಲ್ಲಿ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಕೇಳುವುದು ‘ಏನು ಬರೆದೆ?’ ಎಂದಲ್ಲ, ‘ಎಷ್ಟು ಬಂತು?’ ಎಂದು. 9 ಬಂದವನು ಸ್ವೀಟ್ ಹಂಚುತ್ತಾನೆ. 12 ಬಂದವಳು ಅಳುತ್ತಾಳೆ. ಆ 9ರಲ್ಲಿ ಒಂದು ಇಡೀ ಪುಟ ಸೀನಿಯರ್ ಒಬ್ಬರ ಥೀಸಿಸ್‌ನಿಂದ ಎತ್ತಿದ್ದಿರಬಹುದು. ಆ 12ರಲ್ಲಿ ಪೂರ್ತಿ ಉದ್ಧರಿಸಿದ ಜನಪದ ತ್ರಿಪದಿಗಳೇ ಇರಬಹುದು. ನಮ್ಮ ಲೈಬ್ರರಿ ಕೊಡುವುದು ಸಹಿ ಸೀಲು ಹಾಕಿದ ಮೊದಲ ಪುಟ ಮಾತ್ರ. ಅದರಲ್ಲಿ ಇರುವುದು ಒಂದು ಅಂಕಿ. ಯಾವ ಸಾಲು ಎಲ್ಲಿಂದ ಬಂತು ಎಂದು ಬಣ್ಣ ಹಚ್ಚಿ ತೋರಿಸುವ ಪೂರ್ತಿ ವರದಿ ಕೇಳಿದರೆ ಮಾತ್ರ ಸಿಗುತ್ತದೆ. ಕೇಳಬಹುದು ಎಂದೇ ಬಹಳ ಜನರಿಗೆ ಗೊತ್ತಿಲ್ಲ. ಒಂದು ಸ್ಟಾರ್ ಹೋಗಿದ್ದು ಇದಕ್ಕೆ.

ಆ ಪೂರ್ತಿ ವರದಿಯಲ್ಲೇ ಈ ಸೇವೆಯ ಜೀವ ಇದೆ. ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಮಾರಮ್ಮನ ಹಬ್ಬದ ಮೇಲೆ ಬರೆದಿದ್ದಳು. ಇಬ್ಬರೂ ಪಕ್ಕ ಪಕ್ಕ ಕೂತು ವರದಿ ಓದಿದೆವು. ‘ಜಾನಪದ ಎಂದರೇನು’, ‘ಅಧ್ಯಯನದ ಉದ್ದೇಶ’, ‘ಅಧ್ಯಯನದ ವ್ಯಾಪ್ತಿ’ ಇರುವ ಮೊದಲ ಅಧ್ಯಾಯ ಪುಟಗಟ್ಟಲೆ ಕೆಂಪು. ಮೂಲ, ದೇಶದ ಥೀಸಿಸ್‌ಗಳನ್ನು ಆನ್‌ಲೈನ್‌ನಲ್ಲಿ ಕೂಡಿಡುವ ಶೋಧಗಂಗಾದಲ್ಲಿರುವ ಹಳೆಯ ಥೀಸಿಸ್‌ಗಳು. ಹಾಡುಗಳ ಅಧ್ಯಾಯದಲ್ಲಿ ಅಲ್ಲಲ್ಲಿ ಹಳದಿ. ಅವು ಅವಳೇ ಊರಲ್ಲಿ ಅಜ್ಜಿಯರ ಬಾಯಿಂದ ರೆಕಾರ್ಡ್ ಮಾಡಿಕೊಂಡ ಹಾಡುಗಳು. ಅವೇ ಹಾಡುಗಳ ಇನ್ನೊಂದು ರೂಪ ಎಲ್ಲೋ ಅಚ್ಚಾಗಿದ್ದರಿಂದ ಹೊಂದಿದ್ದವು. ಉದ್ಧರಣ ಚಿಹ್ನೆಯೂ ಹಾಕಿರಲಿಲ್ಲ. ಹಬ್ಬದ ರಾತ್ರಿಯ ಅಧ್ಯಾಯ ಮಾತ್ರ ಪೂರ್ತಿ ಬಿಳಿ. ಒಂದು ಸಾಲೂ ಯಾರದ್ದಕ್ಕೂ ಹೊಂದಿರಲಿಲ್ಲ.

ಕೆಂಪು ಪುಟ ತೋರಿಸಿ ಕೇಳಿದೆ. ಅವಳು ಹೆದರಲಿಲ್ಲ, ನಾಚಲಿಲ್ಲ. ‘ಮೇಡಂ, ಮೊದಲ ಅಧ್ಯಾಯ ಎಲ್ಲರದ್ದೂ ಹೀಗೇ ಇರುತ್ತೆ ಅಲ್ವಾ? ಸೀನಿಯರ್ ಫೈಲ್ ಕೊಟ್ಟಿದ್ರು’ ಎಂದಳು. ಅದರಲ್ಲಿ ಕಳ್ಳತನದ ಭಾವನೆಯೇ ಇರಲಿಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬರಲಿಲ್ಲ. ಹೈಸ್ಕೂಲಿನಿಂದ ಎಂ.ಎ.ವರೆಗೆ ನಾವು ಮಕ್ಕಳಿಗೆ ಕಲಿಸಿದ್ದು ಏನು? ಮೇಷ್ಟ್ರು ಕೊಟ್ಟ ನೋಟ್ಸನ್ನು ಅಕ್ಷರ ಬಿಡದ ಹಾಗೆ ಬರೆದರೆ ಪೂರ್ತಿ ಅಂಕ. ಸ್ವಂತ ಮಾತಲ್ಲಿ ಬರೆದವನಿಗೆ ‘ಪಾಯಿಂಟ್ ಇಲ್ಲ’ ಎಂದು ಕಡಿಮೆ ಅಂಕ. ಅಷ್ಟೂ ವರ್ಷ ಬೆನ್ನು ತಟ್ಟಿದ ಕೆಲಸವನ್ನೇ ಪಿಎಚ್.ಡಿ.ಗೆ ಬಂದ ದಿನ ಅಪರಾಧ ಎಂದರೆ ಅವರಿಗೆ ಹೇಗೆ ಅರ್ಥ ಆಗಬೇಕು? ಪರೀಕ್ಷೆಗೆ ಚೀಟಿ ಒಯ್ಯುವುದು ತಪ್ಪು ಎಂದು ಇವರೆಲ್ಲರಿಗೂ ಗೊತ್ತು. ಫೈಲ್ ನೋಡಿ ಬರೆಯುವುದೂ ತಪ್ಪು ಎಂದು ಯಾರೂ ಕೂರಿಸಿಕೊಂಡು ಹೇಳಿಲ್ಲ.

ಹೇಳದೆ ಬರೀ ಅಂಕಿ ತೋರಿಸಿ ಹೆದರಿಸಿದರೆ ಏನಾಗುತ್ತದೆ ಎಂದೂ ನೋಡಿದ್ದೇನೆ. ‘ಹತ್ತು ಪರ್ಸೆಂಟ್ ಒಳಗೆ ತಂದುಕೊಡಲಾಗುವುದು’ ಎಂಬ ಜಾಹೀರಾತು ವಿದ್ಯಾರ್ಥಿಗಳ ವಾಟ್ಸಾಪ್‌ಗೆ ಬರುತ್ತದೆ. ಇದನ್ನು ಮಾಡುವವರ ಒಂದು ದಾರಿ, ಕನ್ನಡವನ್ನು ಯಂತ್ರದಲ್ಲಿ ಇಂಗ್ಲಿಷ್ ಮಾಡಿ ಮತ್ತೆ ಕನ್ನಡಕ್ಕೆ ತರುವುದು. ಹಾಗೆ ಬಂದ ಒಂದು ಅಧ್ಯಾಯ ನನ್ನ ಮೇಜಿಗೂ ಬಂತು. ‘ಪೂಜಾರಿ ಮೈದುಂಬಿ ಕುಣಿದ’ ಎಂಬುದು ‘ಅರ್ಚಕನ ದೇಹ ತುಂಬಿ ನೃತ್ಯ ಮಾಡಿತು’ ಎಂದಾಗಿತ್ತು. ಹೋಲಿಕೆ ಕಡಿಮೆಯಾಯಿತು, ನಿಜ. ಆ ಊರಿನ ಹಬ್ಬವೂ ಪುಟದಿಂದ ಮಾಯವಾಯಿತು. ಓದಿ ನನಗೆ ತುಂಬಾ ನೋವಾಯಿತು.

ಕನ್ನಡದಲ್ಲಿ ಬರೆಯುವವರು ಇನ್ನೊಂದು ವಿಷಯ ತಿಳಿದಿರಬೇಕು. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ತಂತ್ರಾಂಶ ಕನ್ನಡವೆಂದು ಓದುವುದಿಲ್ಲ. ತೆರೆಯ ಮೇಲೆ ನಮಗೆ ‘ಕನ್ನಡ’ ಎಂದು ಕಾಣುತ್ತದೆ. ಫಾಂಟ್ ತೆಗೆದರೆ ಒಳಗೆ ಇರುವುದು ಇಂಗ್ಲಿಷಿನ ಪಿ, ಕ್ಯೂ, ತಲೆ ಮೇಲೆ ಗೀಟು ಹೊತ್ತ ಎ, ನಡುವೆ ಒಂದು ಪೌಂಡ್ ಗುರುತು. ಹಳೆಯ ಥೀಸಿಸ್ ಹಾಗಿದ್ದು ಹೊಸದು ಯೂನಿಕೋಡ್‌ನಲ್ಲಿದ್ದರೆ (ಕಂಪ್ಯೂಟರ್ ಕನ್ನಡವನ್ನು ಕನ್ನಡವೆಂದೇ ಓದುವ ಈಗಿನ ವ್ಯವಸ್ಥೆ), ಎರಡೂ ಅಕ್ಷರಶಃ ಒಂದೇ ಆಗಿದ್ದರೂ ಹೊಂದುವುದಿಲ್ಲ. ಸ್ಕ್ಯಾನ್ ಮಾಡಿ ಬರೀ ಚಿತ್ರವಾಗಿ ಹಾಕಿದ ಪುಟಗಳಂತೂ ಲೆಕ್ಕಕ್ಕೇ ಇಲ್ಲ. ಆದ್ದರಿಂದ ಕನ್ನಡ ಥೀಸಿಸ್‌ಗೆ ಶೇ. 1 ಬಂತು ಎಂದರೆ ಹಿಗ್ಗಬೇಡಿ, ಮೊದಲು ಫಾಂಟ್ ಯಾವುದು ಎಂದು ಕೇಳಿ. ಲೈಬ್ರರಿ ‘ಯೂನಿಕೋಡ್ ಮಾತ್ರ’ ಎಂದು ಒಂದು ಸಾಲಿನ ಸೂಚನೆ ಹಾಕಿದರೂ ಅರ್ಧ ಕೆಲಸ ಆಗುತ್ತದೆ. ನಮ್ಮಲ್ಲಿ ಇನ್ನೂ ಹಾಕಿಲ್ಲ. ಎರಡನೇ ಸ್ಟಾರ್ ಇದಕ್ಕೆ ಹೋಯಿತು.

ಚಾಟ್‌ಜಿಪಿಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಹೊಸದಾಗಿ ಬರೆದುಕೊಟ್ಟ ಸಾಲಿಗೆ ಹೊಂದಿಸಿ ನೋಡಲು ಮೂಲವೇ ಇರುವುದಿಲ್ಲ, ಹಾಗಾಗಿ ಹೋಲಿಕೆ ವರದಿಯಲ್ಲಿ ಬಣ್ಣ ಬೀಳುವುದಿಲ್ಲ. ಎಐ ಬರಹ ಪತ್ತೆ ಹಚ್ಚುವ ತಂತ್ರಾಂಶ ತರಿಸಿ ಎನ್ನುವ ಸಹೋದ್ಯೋಗಿಗಳಿಗೆ ನಾನು ನೆನಪಿಸುವುದು ಎರಡು ಸಂಗತಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದು ಎಂದು 2023ರಲ್ಲಿ ಹಿಂದಕ್ಕೆ ಪಡೆಯಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ಮನೆಮಾತಲ್ಲದವರು ಸ್ವಂತವಾಗಿ ಬರೆದದ್ದನ್ನೂ ಇಂಥ ಸಾಧನಗಳು ಯಂತ್ರದ ಬರಹ ಎನ್ನುತ್ತವೆ ಎಂದು ತೋರಿಸಿದರು. ಇಂಗ್ಲಿಷಿನಲ್ಲಿ ಥೀಸಿಸ್ ಬರೆಯುವ ನಮ್ಮ ಹಳ್ಳಿ ಮಕ್ಕಳ ಗತಿ ಏನಾದೀತು, ಯೋಚಿಸಿ.

ತಡೆಯುವುದು ಎಂದರೆ ಅನುಮಾನ ಪಡುವುದಲ್ಲ. 2019ರಲ್ಲಿ ಹಾವೇರಿಯ ಒಂದು ಪಿಯು ಕಾಲೇಜಿನಲ್ಲಿ ಕಾಪಿ ಹೊಡೆಯದಿರಲಿ ಎಂದು ಮಕ್ಕಳ ತಲೆಗೆ ರಟ್ಟಿನ ಡಬ್ಬ ಹಾಕಿ ಪರೀಕ್ಷೆ ಬರೆಸಿದ್ದು ನೆನಪಿದೆಯಲ್ವಾ? ಆ ಫೋಟೋ ನೋಡಿದಾಗಿನಿಂದ ನನಗೆ ಒಂದು ಹಟ, ಅನುಮಾನ ಪಡದೆಯೇ ತಡೆಯಬೇಕು ಎಂದು. ನನ್ನ ವಿದ್ಯಾರ್ಥಿಗಳು ಅಧ್ಯಾಯ ಒಂದೊಂದಾಗಿ ಕೊಡುತ್ತಾರೆ, ಒಟ್ಟಿಗೆ ಅಲ್ಲ. ಜೊತೆಗೆ ಕ್ಷೇತ್ರಕಾರ್ಯದ ನೋಟ್‌ಬುಕ್ ಮತ್ತು ರೆಕಾರ್ಡಿಂಗ್ ತರುತ್ತಾರೆ. ಬರೆದದ್ದನ್ನು ನನ್ನೆದುರು ಬಾಯಲ್ಲಿ ಹೇಳುತ್ತಾರೆ. ತಾನೇ ಬರೆದವಳು ಪುಟ ನೋಡದೆ ಹೇಳುತ್ತಾಳೆ, ನಾನು ಕೇಳದ್ದನ್ನೂ ಹೇಳುತ್ತಾಳೆ. ಎತ್ತಿದ್ದಾದರೆ ಎರಡನೇ ಪ್ರಶ್ನೆಗೇ ನಿಲ್ಲುತ್ತದೆ. ಮಾರಮ್ಮನ ಹಬ್ಬದ ಹುಡುಗಿ ಮೊದಲ ಅಧ್ಯಾಯವನ್ನು ತೆಗೆದುಹಾಕಿ, ಆ ಊರನ್ನೇ ಯಾಕೆ ಆರಿಸಿಕೊಂಡೆ ಎಂಬಲ್ಲಿಂದ ಹೊಸದಾಗಿ ಬರೆದಳು. ಮೊದಲಿನದಕ್ಕಿಂತ ಗಿಡ್ಡ, ಆದರೆ ಎಷ್ಟೋ ಚೆನ್ನಾಗಿದೆ.

ಈ ಸೇವೆ ಬಳಸುವವರಿಗೆ ಇಷ್ಟು ಹೇಳುತ್ತೇನೆ. ಕೊನೆಯ ವಾರಕ್ಕೆ ಕಾಯಬೇಡಿ. ಕರಡು ಹಂತದಲ್ಲೇ ಒಂದು ಸಲ ಹಾಕಿಸಿ, ನಮ್ಮ ಲೈಬ್ರರಿ ಅದಕ್ಕೆ ಒಪ್ಪುತ್ತದೆ. ಹಾಡು, ಗಾದೆ, ಸಂದರ್ಶನದ ಮಾತುಗಳಿಗೆ ಉದ್ಧರಣ ಚಿಹ್ನೆ ಹಾಕಿ, ಹೇಳಿದವರ ಹೆಸರು ಮತ್ತು ಊರು ಬರೆಯಿರಿ. ವರದಿ ಬಂದ ದಿನ ಗೈಡ್ ಜೊತೆ ಕೂತು ಓದಿ. ಗೈಡ್‌ಗೆ ಪುರುಸೊತ್ತಿಲ್ಲದಿದ್ದರೆ ಲೈಬ್ರರಿಯವರನ್ನೇ ಕೇಳಿ, ಸಂಜೆ ಹೊತ್ತು ಹೋದರೆ ತಾಳ್ಮೆಯಿಂದ ತೋರಿಸುತ್ತಾರೆ. ಮತ್ತೆ, ಪೂರ್ತಿ ವರದಿ ಬೇಕು ಎಂದು ಅರ್ಜಿಯಲ್ಲೇ ಬರೆದುಕೊಡಿ, ಇಲ್ಲದಿದ್ದರೆ ಕೈಗೆ ಸಿಗುವುದು ಸೀಲು ಹಾಕಿದ ಮೊದಲ ಪುಟ ಅಷ್ಟೇ.