ಬೂದಿಯೋ, ಸ್ಲ್ಯಾಗೋ, ಬರೀ ಸಿಮೆಂಟೋ?

ಬಳ್ಳಾರಿ ಕಡೆ ಕಟ್ಟಡ ಕಟ್ಟಿಸುವವರಿಗೆ ಸಿಮೆಂಟಿನ ಬದಲು ಬಳಸುವ ಎರಡು ಪುಡಿಗಳೂ ಹತ್ತಿರದವೇ. ಹಾರುಬೂದಿ ಶಕ್ತಿನಗರದ ವಿದ್ಯುತ್ ಸ್ಥಾವರದ್ದು, ಸ್ಲ್ಯಾಗ್ ಎಂದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸುವ ಊದುಕುಲುಮೆಯ ಕಿಟ್ಟದ ಪುಡಿ. ಯಾವುದು ಮೇಲೆಂಬ ಮೇಸ್ತ್ರಿಗಳ ವಾದ ಕೇಳಿ ಸಾಕಾಗಿ ನಾನೇ ಕಾಂಕ್ರೀಟಿನ ಕ್ಯೂಬ್ (ಒಡೆದು ಬಲ ಅಳೆಯುವ ಘನ) ಹಾಕಿ ನೋಡಿದೆ. ಜಲ್ಲಿ, ಮರಳು, ನೀರು ಎಲ್ಲವೂ ಅಷ್ಟಷ್ಟೇ. ಒಂದರಲ್ಲಿ ಬರೀ 53 ಗ್ರೇಡ್ ಒಪಿಸಿ (ಏನೂ ಬೆರೆಸದ ಸಾಮಾನ್ಯ ಸಿಮೆಂಟು), ಇನ್ನೊಂದರಲ್ಲಿ ತೂಕದ ಲೆಕ್ಕದಲ್ಲಿ ಶೇ 30 ಬೂದಿ, ಮತ್ತೊಂದರಲ್ಲಿ ಅರ್ಧಕ್ಕರ್ಧ ಸ್ಲ್ಯಾಗ್.

ಕಲಸುವಾಗ ಬೂದಿಯದೇ ಮೇಲುಗೈ. ಅದರ ಕಣಗಳು ಗುಂಡಗಿರುವುದರಿಂದ ಮಿಶ್ರಣ ಸಲೀಸಾಗಿ ಜಾರುತ್ತದೆ. ಸ್ಲಂಪ್, ಅಂದರೆ ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆಂದು ನೋಡಲು, ತುಂಬಿದ ಶಂಕು ಎತ್ತಿದಾಗ ಬರೀ ಸಿಮೆಂಟಿನದು ಬಿಗುವಾಗಿ ನಿಂತಿತು, ಬೂದಿಯದು ಕುಸಿದು ಕುಳಿತಿತು. ಸ್ಲ್ಯಾಗಿನದು ಇವೆರಡರ ನಡುವೆ.

7ನೇ ದಿನ ಕ್ಯೂಬ್ ಒಡೆಸಿದಾಗ ಬೂದಿ ಎಲ್ಲಕ್ಕಿಂತ ಹಿಂದೆ. ಅದು ತಾನಾಗಿ ಗಟ್ಟಿಯಾಗುವ ಪುಡಿಯಲ್ಲ. ಸಿಮೆಂಟು ನೀರಿನೊಡನೆ ಸೇರಿ ಬಿಡುವ ಸುಣ್ಣಕ್ಕಾಗಿ ಕಾಯಬೇಕು. ಸ್ಲ್ಯಾಗಿನಲ್ಲಿ ಸುಣ್ಣದಂಶ ಮೊದಲೇ ಇದೆ, ಸಿಮೆಂಟು ಅದಕ್ಕೆ ಚಾಲನೆ ಕೊಟ್ಟರೆ ಸಾಕು. 28ನೇ ದಿನಕ್ಕೆ ಸ್ಲ್ಯಾಗ್ ಬರೀ ಸಿಮೆಂಟಿನ ಸಮಕ್ಕೆ ಬಂದಿತು. ಬೂದಿಗೆ 56 ದಿನ ಬೇಕಾಯಿತು. ಏಳೇ ದಿನಕ್ಕೆ ಬೂದಿಯನ್ನು ಬೈಯುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಒಡೆದ ಸ್ಲ್ಯಾಗ್ ಕ್ಯೂಬಿನ ಒಳಗೆ ಪಾಚಿ ಕಟ್ಟಿದಂತೆ ನೀಲಿ ಬೆರೆತ ಹಸಿರು! ಕೆಲಸದ ಹುಡುಗರು ಮಾಲು ಕೆಟ್ಟಿದೆ ಎಂದರು. ಸ್ಲ್ಯಾಗಿನೊಳಗಿನ ಗಂಧಕದಿಂದ ಬರುವ ಬಣ್ಣವದು. ಗಾಳಿ ತಾಗಿದಂತೆ ಮಾಸುತ್ತದೆ, ಬಲಕ್ಕೆ ಕುಂದಿಲ್ಲ.

ನಿಜವಾದ ಅಪಾಯ ಕ್ಯೂರಿಂಗಿನಲ್ಲಿದೆ. ನೀರು ಹಾಕದೆ ಬಿಸಿಲಿಗೆ ಬಿಟ್ಟ ಬೂದಿಯ ಕ್ಯೂಬನ್ನು ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಒಪಿಸಿಗೆ ಕನಿಷ್ಠ 7 ದಿನ, ಇಂಥ ಮಿಶ್ರಣಗಳಿಗೆ 10 ದಿನ ನೀರುಣಿಸಬೇಕು. ಒಣ ಬಿಸಿಲಿನ ಊರಿನಲ್ಲಿ ಅದು 10 ಮತ್ತು 14 ಆಗುತ್ತದೆ. ನಮ್ಮ ಬೇಸಿಗೆಗೆ 14ಕ್ಕಿಂತ ಕಡಿಮೆ ಮಾಡಬೇಡಿ.

ಸೆಂಟ್ರಿಂಗ್ ಬೇಗ ಬಿಚ್ಚುವ ತುರ್ತಿದ್ದರೆ ಬರೀ ಒಪಿಸಿಯೇ ಸರಿ. ತುಂಗಭದ್ರಾ ಕಾಲುವೆ ಬಯಲಿನ ಸವಳು ನೆಲದಲ್ಲಿ ಪಾಯ ಹಾಕುವುದಾದರೆ ಕಣ್ಣುಮುಚ್ಚಿ ಸ್ಲ್ಯಾಗ್ ಎನ್ನುತ್ತೇನೆ. ಉಪ್ಪು ಒಳಗಿಳಿದು ಕಬ್ಬಿಣ ತಿನ್ನುವುದನ್ನು ಅದು ಚೆನ್ನಾಗಿ ತಡೆಯುತ್ತದೆ. ಆದರೆ ಪಿಪಿಸಿ (ಬೂದಿ ಬೆರೆಸಿಯೇ ಬರುವ ಸಿಮೆಂಟು) ಚೀಲಕ್ಕೆ ಮತ್ತೆ ಬೂದಿ ಬೆರೆಸಬೇಡಿ. ಅದರಲ್ಲಿ ಕಾರ್ಖಾನೆಯಲ್ಲೇ ಶೇ 15ರಿಂದ 35ರವರೆಗೆ ಬೂದಿ ಸೇರಿರುತ್ತದೆ.